ಹನ್ನೊಂದನೆಯ ಕಟಿಂಗ್ ಪ್ಲೇಯರ್

ಹನಮಂತನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅವನು ತಲೆ ತಗ್ಗಿಸುವಂತೆ ಮಾಡಿದವಳು ನಾನೇ. ನಾನು ಕಾತ್ಯಾಯಿನಿ. ಜಯನಗರದಲ್ಲೇ ಹುಟ್ಟಿ, ಬನಶಂಕರಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಆರು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದು, ಕಳೆದ ಮೇ ತಿಂಗಳಲ್ಲಿ ನಿವೃತ್ತಿಯಾದವಳು.

ನಮ್ಮ ಶಾಲೆಗೆ ವೃತ್ತಿ ಶಿಕ್ಷಣ ಬಂದಾಗ, ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ವೈರಿಂಗ್ ಕೆಲಸ ಕಲಿಸಲು ಹನಮಂತ ಬಂದ. ಇಳಕಲ್ ಕಡೆಯವನು, ಐಟಿಐ ಓದಿದವನು. ಬಿಟಿಎಂನಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗುತ್ತಿಗೆ ಕೆಲಸ, ವರ್ಷಕ್ಕೊಮ್ಮೆ ನಾನು ಸಹಿ ಹಾಕಿದರೆ ಮಾತ್ರ ಮುಂದುವರಿಕೆ. ಅವನ ಹಿಂದೆಯೇ ಪೆಟ್ಟಿಗೆಗಳಲ್ಲಿ ಹೊಸ ಸಾಮಾನೂ ಬಂತು: ಸ್ಕ್ರೂಡ್ರೈವರ್, ಟೆಸ್ಟರ್, ಹತ್ತು ಕಟಿಂಗ್ ಪ್ಲೇಯರ್, ಅಂದರೆ ವೈರು ಕತ್ತರಿಸಿ ಸಿಪ್ಪೆ ಸುಲಿಯುವ ಇಕ್ಕಳ.

ನಾನೇನು ಮಾಡಿದೆ? ಎಲ್ಲವನ್ನೂ ಬೀರುವಿಗೆ ತುಂಬಿ ಬೀಗ ಹಾಕಿದೆ. ಬೀಗದ ಕೈ ನನ್ನ ಬ್ಯಾಗಿನಲ್ಲಿ. ಒಂದು ಕಳೆದರೂ ಆಡಿಟ್‌ನವರಿಗೆ ಯಾರು ಉತ್ತರ ಕೊಡುವುದು? ಆಯುಧಪೂಜೆಯ ದಿನ ಮಾತ್ರ ತೆಗೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಮಂಗಳಾರತಿ ಮಾಡಿ, ಮತ್ತೆ ಒಳಗಿಡುತ್ತಿದ್ದೆವು. ಸಾಮಾನು ಫಳಫಳ ಹೊಳೆಯುತ್ತಿತ್ತು. ಅದನ್ನು ನೋಡಿ ನನಗೆ ಹೆಮ್ಮೆ ಬೇರೆ, ನನ್ನ ಬುದ್ಧಿಗಿಷ್ಟು!

"ಮೇಡಂ, ಕೀಲಿಕೈ ಕೊಡ್ರಿ. ಹುಡುಗ್ರು ಕೈಯಾಗ ಹಿಡೀದ ಹ್ಯಾಂಗ ಕಲೀತಾವ್ರಿ?" ಎಂದು ಅವನು ಕೇಳಿದ್ದು ಒಂದು ಸಲವಲ್ಲ.

"ಚಿತ್ರ ಬರೆಸಿ ಹನಮಂತ. ರೆಕಾರ್ಡ್ ಬುಕ್ ನೀಟಾಗಿದ್ರೆ ಮಾರ್ಕ್ಸ್ ಬರುತ್ತೆ. ನಮಗೂ ಅದೇ ಬೇಕಾಗಿರೋದು."

ಅವನು ಚಿತ್ರ ಬರೆಸಿದ. ಆದರೆ ಸುಮ್ಮನೆ ಕೂರುವ ಆಸಾಮಿಯಲ್ಲ. ತನ್ನದೇ ಕಟಿಂಗ್ ಪ್ಲೇಯರ್ ತಂದ. ಹಿಡಿಗೆ ಕೆಂಪು ಟೇಪು ಸುತ್ತಿದ ಹಳೆಯದು. ಊರಿನಲ್ಲಿ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಸಾಯುವ ಮುಂಚೆ ಕೊಟ್ಟಿದ್ದಂತೆ. ಮೂವತ್ತು ಮಕ್ಕಳು ಸರದಿಯಲ್ಲಿ ಅದನ್ನು ಹಿಡಿದರು, ಬರೀ ಎರಡು ವಾರ. ಇಲಾಖೆಯ ಅಧಿಕಾರಿಗಳು ಬಂದ ದಿನವೇ ಯಾವುದೋ ಮಗು ತಪ್ಪು ವೈರು ಸೇರಿಸಿ, ಇಡೀ ಶಾಲೆಯ ಕರೆಂಟು ಹೋಯಿತು. ಅಧಿಕಾರಿಗಳೆದುರು ನನಗೆ ಅವಮಾನವಾಯಿತು. ಆ ಸಿಟ್ಟಿನಲ್ಲಿ ಪ್ಲೇಯರನ್ನು ಕಿತ್ತುಕೊಂಡು ಬೀರುವಿಗೆ ಎಸೆದೆ. ನಮ್ಮ ಗುಮಾಸ್ತ ರವಿಕುಮಾರ್ ಮಹಾ ಶಿಸ್ತಿನ ಮನುಷ್ಯ, ಬೀರುವಿನಲ್ಲಿ ಇದ್ದದ್ದನ್ನೆಲ್ಲ ಎಣಿಸಿ ಸ್ಟಾಕ್ ರಿಜಿಸ್ಟರಿನಲ್ಲಿ ಪ್ಲೇಯರ್ ಹನ್ನೊಂದು ಎಂದು ಬರೆದುಬಿಟ್ಟ.

ವಾರದ ನಂತರ ಹನಮಂತ ಬಂದು ನಿಂತ. "ಮೇಡಂ, ನಂದದು. ಕೊಟ್ಟಬಿಡ್ರಿ."

"ರಿಜಿಸ್ಟರ್‌ಗೆ ಏರಿಬಿಟ್ಟಿದೆಯಪ್ಪ, ಇನ್ನು ತೆಗೆಯೋಕಾಗಲ್ಲ" ಎಂದೆ. ಹಾಗೆ ಹೇಳುವಾಗ ನನಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ.

ಆಮೇಲೆ ಅವನು ಮಾಡಿದ ಕೆಲಸ ನೋಡಿ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಕ್ಕಿದ್ದೆ. ಖಾಲಿಯಾದ ಪೆನ್ನಿನ ರೀಫಿಲ್‌ಗಳೊಳಗೆ ನೂಲು ತೂರಿಸಿ, ಅದನ್ನೇ ವೈರು ಎಂದುಕೊಳ್ಳಿ ಅಂತ ಹೇಳಿ, ಒಳಗಿನ ನೂಲು ಕತ್ತರಿಸದಂತೆ ಬ್ಲೇಡಿನಿಂದ ಸಿಪ್ಪೆ ತೆಗೆಯುವುದನ್ನು ಕಲಿಸುತ್ತಿದ್ದ. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಹತ್ತನೆಯ ತರಗತಿಯ ಮೇಘಶ್ರೀ. ತಾಯಿ ಮನೆಗೆಲಸ ಮಾಡುತ್ತಿದ್ದರು, ತಂದೆ ಇರಲಿಲ್ಲ.

ಜೆಪಿ ನಗರದಲ್ಲಿ ಸ್ವಿಚ್ ಬೋರ್ಡ್ ತಯಾರಿಸುವ ಕಾರ್ಖಾನೆಯ ನೀಲಕಂಠಪ್ಪನವರು ವರ್ಷಕ್ಕೆ ಒಂದು ಮಗುವನ್ನು ಆರಿಸಿ, ತಾವೇ ಡಿಪ್ಲೊಮಾ ಓದಿಸಿ, ಮುಗಿದ ಮೇಲೆ ಕೆಲಸವನ್ನೂ ಕೊಡುತ್ತಿದ್ದರು. ಆ ವರ್ಷ ನಮ್ಮ ಶಾಲೆಯ ಸರದಿ. ಮೇಘಶ್ರೀಗೆ ಅದು ಸಿಗದಿದ್ದರೆ ಓದು ಅಲ್ಲಿಗೇ ಮುಗಿದಂತೆ, ಅದು ನಮಗೆಲ್ಲ ಗೊತ್ತಿತ್ತು.

ಅವಳನ್ನು ಕರೆದುಕೊಂಡು ನಾನೂ ಹನಮಂತನೂ ಹೋದೆವು. ನನಗೆ ಕುರ್ಚಿ, ಕಾಫಿ. ಮೇಘಶ್ರೀ ಮೊದಲು ಸರ್ಕಿಟ್ಟಿನ ಚಿತ್ರ ಬರೆದಳು. ನೀಲಕಂಠಪ್ಪ "ಭೇಷ್!" ಎಂದರು. ಆಮೇಲೆ ಕೈಗೆ ಪ್ಲೇಯರ್ ಕೊಟ್ಟು, ವೈರಿನ ಸಿಪ್ಪೆ ತೆಗೆದು ಜೋಡಿಸು ಎಂದರು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಒತ್ತಿದಳು. ತಾಮ್ರವೇ ಕತ್ತರಿಸಿಹೋಯಿತು. ಮತ್ತೊಂದು ಸಲ, ಮಗದೊಂದು ಸಲ, ಅದೇ ಕತೆ.

"ಏನಮ್ಮಾ, ಇದನ್ನ ಯಾವತ್ತೂ ಸರಿಯಾಗಿ ಹಿಡಿದೇ ಇಲ್ವಾ?"

ಅವಳು ನನ್ನತ್ತ ನೋಡಿದಳು. ಒಂದೇ ಕ್ಷಣ. ಆಮೇಲೆ, "ಹಿಡಿದಿದೀನಿ ಸಾರ್. ಇವತ್ತು ಭಯ ಆಯ್ತು" ಎಂದಳು.

ನೀಲಕಂಠಪ್ಪ ಹನಮಂತನ ಕಡೆ ತಿರುಗಿದರು. "ಏನ್ರೀ ಮೇಷ್ಟ್ರೇ, ಎರಡು ವರ್ಷ ಏನ್ ಕಲಿಸಿದ್ರಿ?"

"ನನ್ನ ತಪ್ಪರೀ" ಎಂದು ಹನಮಂತ ತಲೆ ತಗ್ಗಿಸಿದ.

ಬೀಗದ ಕೈ ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಾಫಿ ಗುಟುಕರಿಸಿ ಹೇಳಿದ್ದೇನು ಗೊತ್ತೇ? "ಕಾಂಟ್ರಾಕ್ಟ್ ಟೀಚರ್ಸ್ ಅಲ್ವಾ ಸಾರ್, ಹೀಗೇ." ಥೂ, ಈಗಲೂ ಆ ಮಾತು ನೆನಪಾದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ನಮ್ಮ ಸರದಿಯಾಗಿದ್ದರೂ ನೀಲಕಂಠಪ್ಪ ಆ ಅವಕಾಶವನ್ನು ಬೇರೆ ಶಾಲೆಯ ಮಗುವಿಗೆ ಕೊಟ್ಟರು. ವರ್ಷದ ಕೊನೆಗೆ ಹನಮಂತನ ವರದಿಯಲ್ಲಿ "ತೃಪ್ತಿಕರವಲ್ಲ" ಎಂದು ಬರೆದು ಸಹಿ ಹಾಕಿದೆ. ಅವನು ಜಗಳವಾಡಲಿಲ್ಲ. "ಬರ್ತೀನ್ರಿ ಮೇಡಂ" ಎಂದು ಕೈಮುಗಿದು ಹೋದ.

ನಿವೃತ್ತಿಯ ದಿನ ಹೊಸ ಹೆಡ್‌ಮಿಸ್ಟ್ರೆಸ್ ಶ್ರೀದೇವಿಗೆ ಚಾರ್ಜು ವಹಿಸಬೇಕಾಯಿತು. ಬೀರು ತೆಗೆದೆವು. ಹತ್ತು ಪ್ಲೇಯರುಗಳ ಮೇಲೂ ಒಣಗಿದ ಕುಂಕುಮ, ಒಂದರ ಬಾಯಿಯೂ ತೆರೆದಿರಲಿಲ್ಲ. ಹನ್ನೊಂದನೆಯದಕ್ಕೆ ಕುಂಕುಮದ ಜೊತೆ ಕೆಂಪು ಟೇಪು. ಶ್ರೀದೇವಿ ಹಳೆಯ ಬಿಲ್ಲು ನೋಡಿ, "ಹತ್ತೇ ಬಂದಿರೋದು ಮೇಡಂ, ಇದು ನಮ್ಮದಲ್ಲ" ಎಂದು ರಿಜಿಸ್ಟರಿನಲ್ಲಿ ಒಂದು ಗೀಟು ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಅಷ್ಟೇ! ನಾನು ಆಗುವುದೇ ಇಲ್ಲ ಎಂದಿದ್ದ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು.

ವಿಳಾಸ ಹುಡುಕಿಕೊಂಡು ಒಂದು ಭಾನುವಾರ ಬಿಟಿಎಂಗೆ ಹೋದೆ. ಹನಮಂತ ಪಕ್ಕದ ಬೀದಿಯ ಹೊಸ ಕಟ್ಟಡದಲ್ಲಿ ವೈರಿಂಗ್ ಮಾಡುತ್ತಿದ್ದ. ಅವನ ಜೊತೆ ಏಣಿಯ ಮೇಲೆ ಮೇಘಶ್ರೀ! ವಾರವೆಲ್ಲ ಜಯನಗರದ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳಂತೆ. ರಜೆ ಸಿಕ್ಕ ದಿನ ಇಲ್ಲಿಗೆ ಬಂದು ಕಲಿಯುತ್ತಾಳಂತೆ.

ಪ್ಲೇಯರನ್ನು ಹನಮಂತನ ಕೈಗಿಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು, ಅಂಗಿಯಂಚಿನಿಂದ ಕುಂಕುಮ ಒರೆಸಿ, ಮೇಲೆ ಚಾಚಿದ. "ತಗೋ ಮೇಘಾ, ಇದರಾಗ ಮಾಡು." ಅವಳು ಒಂದೇ ಕೈಯಲ್ಲಿ ಹಿಡಿದು ಸಿಪ್ಪೆ ಎಳೆದಳು. ಕೆಂಪು ತಾಮ್ರ ಒಂದೆಳೆಯೂ ಮುರಿಯದೆ ಹೊರಬಂತು.

ನಾನು ಏಣಿಯ ಬುಡಕ್ಕೆ ಹೋಗಿ ಹೇಳಿದೆ: "ತಪ್ಪಾಯ್ತು ಕಣಮ್ಮ. ನಾಳೇನೇ ಹೋಗಿ ನೀಲಕಂಠಪ್ಪನವರಿಗೆ ನಿಜ ಹೇಳ್ತೀನಿ. ಬೀಗದ ಕೈ ನನ್ನ ಹತ್ರ ಇತ್ತು ಅಂತ ಹೇಳ್ತೀನಿ."

ಮೇಘಶ್ರೀ ಏಣಿಯಿಂದ ಇಳಿಯಲಿಲ್ಲ. ಸಿಟ್ಟೂ ಮಾಡಲಿಲ್ಲ.

"ಅವತ್ತು ಆ ಸಾರ್ ಕೇಳಿದಾಗ ನಾನು ನಿಮ್ಮನ್ನೇ ನೋಡಿದ್ದೆ ಮಿಸ್" ಎಂದಳು. ಆಮೇಲೆ ಇನ್ನೊಂದು ವೈರು ಎತ್ತಿಕೊಂಡಳು.