ಮಾವನ ಎಡಗೆನ್ನೆ

ನಮ್ಮ ಕುಟುಂಬದಲ್ಲಿ ಒಬ್ಬ ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವರು ತಿಮ್ಮಪ್ಪ ಮಾವ, ನನ್ನ ಅಮ್ಮನ ಅಣ್ಣ. ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಇವತ್ತು ಗಾಳಿ ಜೋರಿದೆ, ದೋಣಿ ಇಳಿಯುವುದಿಲ್ಲ ಎನ್ನುವ ಹಾಗೆ ಹೇಳುತ್ತಿದ್ದರು. "ಕುಮಟೆಯ ಭಾವನ ಮಗ ಹೋದ, ವರ್ಷಕ್ಕೆ ಬಿಟ್ಟ. ಹೊನ್ನಾವರದ ಮಂಜ ಹೋದ, ಎರಡು ವರ್ಷಕ್ಕೆ ಬಿಟ್ಟ. ಬಿಟ್ಟು ಬಂದವ್ರ ಕೈ ನೋಡು ತಮಾ, ಕತ್ತಿಗೂ ಬಗ್ಗೂದಿಲ್ಲ, ಪೆನ್ನಿಗೂ ಬಗ್ಗೂದಿಲ್ಲ."

ನಾನು ಮುಗಿಸಿದ್ದೇನೆ. ನಮ್ಮ ಮನೆತನದಲ್ಲಿ ಮೊದಲಿಗ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ನಾಚಿಕೆ ಇರುವುದು ನಾನು ಕಾಲೇಜಿನ ಬಸ್ಸು ಹತ್ತಿದ ರೀತಿಗೆ.

ನಮ್ಮದು ಕ್ಷೌರದ ಮನೆತನ. ಭಟ್ಕಳದ ಹಳೇ ಪೇಟೆಯಲ್ಲಿ ಮಾವನ ಅಂಗಡಿ. ಎರಡು ಕುರ್ಚಿ; ಎರಡನೆಯದು ಯಾವಾಗಲೂ ಖಾಲಿ. ಕತ್ತಿ ಒಬ್ಬರ ಮುಖದ ಮೇಲಿರುವಾಗ ಮಾವ ಬಾಯಿ ತೆರೆಯುತ್ತಿರಲಿಲ್ಲ. ಗಿರಾಕಿಗಳು ಮನೆಯ ಸುದ್ದಿ, ಊರಿನ ಸುದ್ದಿ ಎಲ್ಲ ಹೇಳುತ್ತಲೇ ಇರುತ್ತಿದ್ದರು. ಇವರ ಉತ್ತರ ಗಂಟಲು ಮುಗಿಸಿ, ಕತ್ತಿ ಒರೆಸಿದ ಮೇಲೆ. ಒಮ್ಮೆ ಒಬ್ಬರು ಮಗಳಿಗೆ ಮಂಗಳೂರಿನ ಸಂಬಂಧ ಬಂದದ್ದನ್ನು ಹೇಳಿ, ಹಾಗೇ ಹಳೇ ಸ್ಕೂಟರು ಮಾರುವ ವಿಚಾರಕ್ಕೂ ಹೋದರು. ಮಾವ ಎಲ್ಲ ಮುಗಿಸಿ, "ಗಡಿಬಿಡಿ ಎಂತಕೆ? ಇನ್ನೊಂದು ವರ್ಷ ಮನೆಯಲ್ಲೇ ಇರ್ಲಿ" ಎಂದರು. "ಯಾರು ತಿಮ್ಮಪ್ಪ, ಸ್ಕೂಟರಾ, ಮಗಳಾ?" ಅಂಗಡಿಯೆಲ್ಲ ನಕ್ಕಿತು. ಮಾವ ಮಾತ್ರ ಆಗಲೇ ಮುಂದಿನವರ ಕೆನ್ನೆಗೆ ನೊರೆ ಹಚ್ಚುತ್ತಿದ್ದರು.

ಕತ್ತಿ ಹಿಡಿಯುವ ಮೊದಲು ಬೆರಳಿನ ಹಿಂಬದಿಯಿಂದ ಮುಖ ಸವರಿ ನೋಡುವುದು ಅವರ ಕ್ರಮ. "ಕೂದಲು ಯಾವ ಕಡೆ ಮಲಗ್ಯದೆ ನೋಡು. ಮಲಗಿದವ್ರನ್ನ ಎಬ್ಸೂದಲ್ಲ, ಅವ್ರ ಸಂಗ್ತಿಗೆ ಹೋಗೂದು."

ನಾನು ಐದನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ನನ್ನನ್ನು ಕರೆದುಕೊಂಡು ಮುಟ್ಟಳ್ಳಿಯಲ್ಲಿದ್ದ ಮಾವನ ಮನೆಗೆ ಬಂದಳು. ಹಾಗಾಗಿ ನನ್ನ ಅನ್ನವೂ ಮಾವನದು, ನನ್ನ ಮುಂದಿನ ದಾರಿ ಹೇಳುವ ಹಕ್ಕೂ ಮಾವನದು. ಪಿಯುಸಿ ಪರೀಕ್ಷೆ ಮುಗಿದ ವಾರವೇ ಕಲಿಸಲು ಶುರು ಮಾಡಿದರು.

ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯೇ. ಕಲಿಯುವವನು ಮಾತ್ರ ಸಾಣೆ ಹಿಡಿಯುವ ಹಳೇ ಕತ್ತಿಯಲ್ಲೇ ಕಲಿಯಬೇಕು ಎಂದು ಮಾವನ ಹಟ. ಮೊದಲ ಪಾಠ ಹಿತ್ತಲಿನ ಬೂದುಗುಂಬಳ. ಎಳೇ ಕಾಯಿಯ ಮೈಮೇಲೆ ಸಣ್ಣ ಮುಳ್ಳುಮುಳ್ಳು ರೋಮ ಇರುತ್ತದಲ್ಲ, ಅದಕ್ಕೆ ಸಾಬೂನಿನ ನೊರೆ ಹಚ್ಚಿ, ಹಸಿರು ಸಿಪ್ಪೆ ಗೀರದಂತೆ ರೋಮ ಮಾತ್ರ ತೆಗೆಯಬೇಕು. ಗೀರಿದ ಕಾಯಿ ತೊಳೆದು ಅದೇ ದಿನ ಹುಳಿಗೆ. ಹದಿನೈದು ದಿನ ಮನೆಯಲ್ಲಿ ಬೇರೆ ಪದಾರ್ಥವಿಲ್ಲ. "ಅಣ್ಣಾ, ಬೇಗ ಕಲ್ಸು. ಬಳ್ಳಿ ಖಾಲಿ ಆತು" ಎಂದಳು ಅಮ್ಮ.

ಕುಂಬಳವಾದ ಮೇಲೆ ನನ್ನದೇ ಮೊಣಕಾಲಿನ ಕೆಳಗೆ. ಅದಾದ ಮೇಲೆ ಮುಖ. ಮೊದಲ ಮುಖ ಕಲಿಸಿದವನದೇ ಆಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಕಲಿಸಿದವನು ಕಣ್ಣು ಮುಚ್ಚಿ ಕೂರಬೇಕು, ಕನ್ನಡಿ ನೋಡಬಾರದು. ಅದು ಮುಗಿದರೆ ಎಲೆಯಡಿಕೆ, ತೆಂಗಿನಕಾಯಿ ಕೊಟ್ಟು ಕುರ್ಚಿ ಒಪ್ಪಿಸುತ್ತಾರೆ. ಕುರ್ಚಿ ಒಪ್ಪಿಸಿಕೊಂಡವನು ಬೇರೆ ದಾರಿ ಹಿಡಿದದ್ದನ್ನು ನಾನು ಕೇಳಿರಲಿಲ್ಲ.

ಅದು ಮಂಗಳವಾರ, ಅಂಗಡಿಗೆ ರಜೆ. ಅರ್ಧ ಬಾಗಿಲು ಎಳೆದು ಮಾವ ಕುರ್ಚಿಯಲ್ಲಿ ಕೂತರು. ಹೊನ್ನಾವರದ ಕಾಲೇಜಿನ ಅರ್ಜಿಗೆ ಗುರುವಾರ ಕೊನೆಯ ದಿನ. ನಾನು ಮೂರು ಸಲ ಕೇಳಿದ್ದೆ, ಮೂರು ಸಲವೂ ಅದೇ ಕುಮಟೆಯ ಭಾವನ ಮಗನ ಕತೆ ಬಂದಿತ್ತು.

ಬಲಗೆನ್ನೆ ಚೆನ್ನಾಗಿ ಬಂತು. ನನಗೇ ಆಶ್ಚರ್ಯ. ಮಾವ ಬೆರಳಿನ ಹಿಂಬದಿಯಿಂದ ಸವರಿ ನೋಡಿ, ಕಣ್ಣು ತೆರೆಯದೆ ಹೇಳಿದರು: "ಆತು ತಮಾ. ಕೈ ಬಂತು ನಿಂಗೆ. ನಾಳೆಯಿಂದ ಎರಡನೇ ಕುರ್ಚಿ ನಿಂದು."

ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆ ಮುಖದ ಎಡಗಡೆ, ದವಡೆಯ ಮೂಳೆ ತಿರುಗುವಲ್ಲಿ, ನಾನು ಕತ್ತಿಯನ್ನು ಓರೆ ಮಾಡಿದೆ. ಎಷ್ಟು ಓರೆ ಮಾಡಿದರೆ ಕೊಯ್ಯುತ್ತದೆ ಎಂಬುದು ಕುಂಬಳಕಾಯಿಯಿಂದಲೇ ಗೊತ್ತಿತ್ತು. ಕತ್ತಿಗೆ ಆಗದವನು ಎನಿಸಿಕೊಳ್ಳಲು ಒಂದು ಸಣ್ಣ ಗೀರು ಸಾಕೆಂದುಕೊಂಡಿದ್ದೆ. ಕತ್ತಿ ನನ್ನ ಲೆಕ್ಕ ಕೇಳಲಿಲ್ಲ, ಒಳಗೆ ಇಳಿಯಿತು.

ಮಾವ ಅಲ್ಲಾಡಲಿಲ್ಲ. ಕತ್ತಿ ಮುಖದ ಮೇಲಿರುವಾಗ ಅಲ್ಲಾಡಬಾರದಲ್ಲ. ನಾನು ಅದನ್ನು ತೆಗೆದ ಮೇಲೆಯೇ ಕಣ್ಣು ತೆರೆದರು. ಟವೆಲು ಒತ್ತಿ ಹಿಡಿದು, ನನ್ನ ಕೈ ನೋಡಿದರು. ಈಗ ಕೈ ನಿಜವಾಗಿಯೂ ನಡುಗುತ್ತಿತ್ತು. "ಹೆದ್ರಬೇಡ. ನೀರು ತಾ" ಎಂದರು. ಉಳಿದ ಅರ್ಧ ಕೆನ್ನೆಯನ್ನು ಕನ್ನಡಿ ನೋಡಿ ತಾವೇ ಮುಗಿಸಿಕೊಂಡರು.

ಮನೆಗೆ ಬಂದು ಅಮ್ಮನಿಗೆ ಹೇಳಿದರು, "ಇವನ ಕೈ ನಡುಗ್ತದೆ. ಕತ್ತಿಗೆ ಆಗೂದಿಲ್ಲ. ಕಾಲೇಜಿಗೆ ಹಾಕು, ಎಷ್ಟು ದಿನ ಹೋಗ್ತಾನೋ ಹೋಗ್ಲಿ." ನನಗೆ ಅವತ್ತು ಖುಷಿಯೇ ಆಯಿತು. ಜಾಣತನ ಮಾಡಿದೆ ಎಂದುಕೊಂಡೆ. ಗುರುವಾರ ಅರ್ಜಿ ಕೊಟ್ಟೆ.

ಗಾಯ ಮಾಯ್ದು ಬೆರಳುದ್ದದ ಬಿಳಿ ಗೆರೆಯಾಗಿ ಉಳಿಯಿತು. ಕ್ಷೌರದವನ ಕೆನ್ನೆಯಲ್ಲಿ ಕತ್ತಿಯ ಗೆರೆ ಇದ್ದರೆ ಪೇಟೆ ಸುಮ್ಮನಿರುತ್ತದೆಯೇ? ಸಂಜೆ ಹೊನ್ನಾವರದಿಂದ ಬಸ್ಸಿಳಿದು ನಾನು ಅಂಗಡಿಯಲ್ಲೇ ಕಾಯುತ್ತಿದ್ದೆ, ಮಾವನ ಬೈಕಿನಲ್ಲಿ ಮನೆಗೆ ಹೋಗಲು. ಒಂದು ಸಂಜೆ ಇಸ್ಮಾಯಿಲ್ ಸಾಹೇಬರು ಬಂದರು. ದುಬೈಯಿಂದ ವಾಪಸಾದ ಮೇಲೆ ಅವರ ಗಡ್ಡದ ಅಂಚು ತಿದ್ದುವುದು ಮಾವನ ಕೈಯೇ.

"ಕ್ಯಾ ತಿಮ್ಮಪ್ಪ, ನಿಮ್ಮ ಕೆನ್ನೆ ಮೇಲೂ ಹೈವೇ ಫೋರ್ ಲೇನ್ ಕೆಲಸ ಶುರು ಆಯ್ತಾ? ಯಾರಿಗೆ ಕೊಟ್ರಿ ಗುತ್ತಿಗೆ?"

ಮಾವ ನಕ್ಕರು. "ನಂದೇ ಕೆಲಸ ಸಾಹೇಬ್ರೆ. ಕೈ ಜಾರ್ತು."

ಸಾಹೇಬರ ನಗು ಅಲ್ಲಿಗೇ ನಿಂತಿತು. ನಾನು ಕಾಲೇಜಿನ ಚೀಲ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದೆ. ಮುಂದಿನ ಸಲ ಬಂದಾಗ ಅವರು ಕುರ್ಚಿಯಲ್ಲಿ ಕೂತು ಮೆಲ್ಲಗೆ ಹೇಳಿದರು: "ಇವತ್ತು ಕತ್ತರಿ ಸಾಕು ತಿಮ್ಮಪ್ಪ. ಕತ್ತಿ ಬೇಡ." ಮಾವ ತೆರೆದಿದ್ದ ಕತ್ತಿಯನ್ನು ಒರೆಸಿ ಮಡಚಿಟ್ಟರು. ಅದಕ್ಕೆ ಒರೆಸುವಂಥದ್ದು ಏನೂ ಅಂಟಿರಲಿಲ್ಲ. ಆ ವರ್ಷ ಹಾಗೆ ಕತ್ತಿ ಬೇಡವೆಂದವರು ಅವರೊಬ್ಬರೇ ಅಲ್ಲ.

ಮಾವ ಯಾಕೆ ತಮ್ಮದೇ ಕೈ ಜಾರಿತು ಎಂದು ಹೇಳುತ್ತಿದ್ದರೆಂಬುದು ತಿಳಿದದ್ದು ಒಂದು ಭಾನುವಾರ. ನಾನು ಒಳಗೆ ಓದುತ್ತಿದ್ದೆ. ಜಗಲಿಯಲ್ಲಿ ಅಮ್ಮ ಕೇಳುತ್ತಿದ್ದಳು, "ನೀನೇ ಕೊಯ್ಕಂಡದ್ದು ಅಂತ ಎಂತಕೆ ಹೇಳ್ತೆ ಅಣ್ಣಾ? ಹುಡ್ಗನ ಕೈ ಅಂತ ಹೇಳಿದ್ರೆ ಮುಗೀತಲ್ಲ."

"ಹುಡ್ಗ ಕೊಯ್ದ ಅಂದ್ರೆ ಅದು ಪೇಟೆಲಿ ಅಳಿಯೂದಿಲ್ಲ ತಂಗಿ. ನಾಳೆ ಕಾಲೇಜು ಬಿಟ್ಟು ಬಂದಾಗ ಅವಂಗೆ ಯಾರು ಮುಖ ಕೊಡ್ತಾರೆ? ಕೈ ನಡುಕ ವಯಸ್ಸಿಗೆ ಹೋಗ್ತದೆ, ಹೆಸರು ಹೋದ್ರೆ ಬರೂದಿಲ್ಲ. ಅವ ಬರೂದಂತೂ ಬರ್ತಾನೆ. ದಾರಿ ಇರ್ಲಿ."

ಎದ್ದು ಜಗಲಿಗೆ ಹೋಗಿ ಒಂದು ಮಾತು ಹೇಳಬಹುದಿತ್ತು: ಮಾವ, ನನ್ನ ಕೈ ನಡುಗಿರಲಿಲ್ಲ. ಹೇಳಿದ್ದರೆ ಮರುದಿನವೇ ಎರಡನೇ ಕುರ್ಚಿ. ನಾನು ಪುಟ ತಿರುವಿದೆ.

ಎರಡನೇ ವರ್ಷ ಇಂಗ್ಲಿಷಿನಲ್ಲಿ ನಪಾಸಾದೆ. "ಬಿಡ್ತ್ಯಾ?" ಎಂದು ಮಾವ ಕೇಳಿದರು, ಸಣ್ಣ ಆಸೆಯಿಂದಲೇ. ಬಿಡಲಿಲ್ಲ. ಎರಡು ಸಲ ಬರೆದು ಪಾಸು ಮಾಡಿದೆ. ಛಲ ಎಂದು ಊರವರು ಹೊಗಳಿದರು. ಅದರಲ್ಲಿ ಛಲ ಎಷ್ಟು, ಬಿಟ್ಟು ಬಂದರೆ ಆ ಗೆರೆಯನ್ನು ದಿನವಿಡೀ ನೋಡಬೇಕಲ್ಲ ಎಂಬ ಅಂಜಿಕೆ ಎಷ್ಟು, ನನಗೇ ಗೊತ್ತು.

ಮಾವ ಈಗ ಇಲ್ಲ. ನನಗೆ ಕುಮಟೆಯಲ್ಲಿ ನೌಕರಿ ಸಿಕ್ಕಿದ ಮೊದಲ ಮಳೆಗಾಲದಲ್ಲೇ, ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದೆನೋವು ಬಂದು ಹೋಗಿಬಿಟ್ಟರು. ಅಂಗಡಿಯಲ್ಲಿ ಈಗ ಮೊಬೈಲು ಕವರು ಮಾರುತ್ತಾರೆ. ಕತ್ತಿಯನ್ನು ಬೇಕೆಂದೇ ಓರೆ ಮಾಡಿದ್ದನ್ನು ಅವರಿಗೆ ಹೇಳಲೇ ಇಲ್ಲ. ಇಲ್ಲಿ ಬರೆದರೆ ಅವರಿಗೇನೂ ತಲುಪುವುದಿಲ್ಲ, ಗೊತ್ತು.

ಅವರನ್ನು ನೆನೆದರೆ ಕಣ್ಣಿಗೆ ಬರುವುದು ಸರ್ಟಿಫಿಕೇಟು ಕೊಟ್ಟ ದಿನ. ಅಮ್ಮನಿಗೆ ಜ್ವರ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮಾವನೇ ಹೊನ್ನಾವರಕ್ಕೆ ಬಂದಿದ್ದರು. ವೇದಿಕೆಯಿಂದ ಇಳಿದು, ಕೊನೆಯ ಸಾಲಿನಲ್ಲಿ ನಿಂತಿದ್ದ ಅವರ ಕೈಗೆ ಅದನ್ನು ಕೊಟ್ಟೆ. ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು, ಅಂಚು ಮಾತ್ರ ಹಿಡಿದು ನೋಡಿದರು.

"ಇದನ್ನ ಇನ್ನು ಯಾರೂ ವಾಪಸ್ ತಕಣೂದಿಲ್ಲ ಅಲ್ಲ?"

"ಇಲ್ಲ ಮಾವ."

"ಆತು." ನನ್ನ ಹತ್ತಿರ ಬಗ್ಗಿ, ಒಪ್ಪಿಗೆ ಕೇಳುವ ದನಿಯಲ್ಲಿ ಹೇಳಿದರು: "ಹಂಗಾದ್ರೆ ತಮಾ, ಇನ್ನು ಇಸ್ಮಾಯಿಲ್ ಸಾಹೇಬ್ರಿಗೆ ಹೇಳ್ಬಹುದಾ, ಅದು ನನ್ನ ಕೈ ಅಲ್ಲ ಅಂತ?"