ಒಂದೇ ಫೋನಿನ ಮೂರನೆಯ ಬಿರುಕು

ವಿಮಾ ಕಂಪನಿಯ ಮೂರನೇ ಮಹಡಿಯಲ್ಲಿ ಅವಳನ್ನು ಎಲ್ಲರೂ ಬಿರುಕಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಒಂಬತ್ತು ವರ್ಷದಿಂದ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಗ್ರಾಹಕರು ಕಳಿಸಿದ ಒಡೆದ ಫೋನುಗಳ ಫೋಟೊ ನೋಡಬೇಕು, ಅನುಮಾನ ಬಂದರೆ ಕರೆ ಮಾಡಿ ನಾಲ್ಕು ಪ್ರಶ್ನೆ ಕೇಳಬೇಕು, ಕೊನೆಗೆ ಕ್ಲೇಮು ಮಂಜೂರು ಅಥವಾ ತಿರಸ್ಕೃತ ಎಂದು ಗುರುತು ಹಾಕಬೇಕು.

ಅವಳ ಅಪ್ಪ ಕಿಟಕಿಗೆ ಗಾಜು ಕೂರಿಸುವ ಕೆಲಸದವರು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡು ಅವಳು ಗಾಜಿನ ಸ್ವಭಾವ ಕಲಿತಿದ್ದಳು. ಫೋನು ಮೂಲೆ ಕೆಳಗಾಗಿ ಬಿದ್ದರೆ ಬಿರುಕು ಆ ಮೂಲೆಯಿಂದ ಬೀಸಣಿಗೆಯಂತೆ ಹರಡುತ್ತದೆ. ಜೇಬಿನಲ್ಲಿಟ್ಟುಕೊಂಡು ಕೂತರೆ ಅಡ್ಡಕ್ಕೆ ಒಂದು ಉದ್ದ ಗೆರೆ ಬೀಳುತ್ತದೆ. ಯಾರಾದರೂ ಯಾವುದರಿಂದಲಾದರೂ ಕುಟ್ಟಿದರೆ ಮಾತ್ರ ನಡುವೆ ಒಂದು ಕಡೆ ಗಾಜು ಪುಡಿಯಾಗಿ, ಸುತ್ತಲೂ ಜೇಡರ ಬಲೆ ಕಟ್ಟಿಕೊಳ್ಳುತ್ತದೆ.

ಆ ಮಂಗಳವಾರ ಮೇಲ್ವಿಚಾರಕರು ಅವಳ ಮೇಜಿನ ಹತ್ತಿರ ಬಂದು ನಿಂತರು.

"ಬಿರುಕಮ್ಮ, ಇದೊಂದು ನೋಡಿ. ಎರಡು ವರ್ಷದಲ್ಲಿ ಮೂರನೇ ಸಲ. ಅದೇ ಫೋನು, ಅದೇ ಹೆಂಗಸು. ನಮ್ಮನ್ನ ಕರೆಯೋ ಹಸು ಅಂದ್ಕೊಂಡಿದಾರೆ."

ಬಿರುಕಮ್ಮ ಮೂರು ಫೋಟೊಗಳನ್ನೂ ಅಕ್ಕಪಕ್ಕ ತೆರೆದಳು. ಮೊದಲನೆಯದಕ್ಕೆ ಮೆಟ್ಟಿಲ ಮೇಲೆ ಬಿತ್ತೆಂದು ಬರೆದಿತ್ತು, ಎರಡನೆಯದಕ್ಕೆ ಬಚ್ಚಲಲ್ಲಿ, ಮೂರನೆಯದಕ್ಕೆ ಅಡುಗೆಮನೆಯಲ್ಲಿ. ಮೂರರಲ್ಲೂ ಬಲೆ ನಟ್ಟನಡುವೆ ಇತ್ತು. ಮೂರು ಸಲ ಬಿದ್ದ ಫೋನಿನ ಮೂಲೆಗಳು ಮಾತ್ರ ಅಂಗಡಿಯಿಂದ ತಂದಷ್ಟು ನುಣುಪಾಗಿದ್ದವು. ಬೇಕೆಂದೇ ಒಡೆದದ್ದು, ಅದರಲ್ಲಿ ಎರಡು ಮಾತಿಲ್ಲ. ಪಾಲಿಸಿದಾರರಾಗಲಿ ಅವರ ಮನೆಯವರಾಗಲಿ ಬೇಕೆಂದು ಒಡೆದರೆ ಕಂಪನಿ ಏನೂ ಕೊಡುವುದಿಲ್ಲ. ತಿರಸ್ಕೃತ ಎಂದು ಗುರುತು ಹಾಕಿ ಎದ್ದು ಹೋಗಿ ಚಹಾ ಕುಡಿಯಬಹುದಿತ್ತು.

ಅಷ್ಟರಲ್ಲಿ ಫೋನು ಹಿಡಿದಿದ್ದ ಕೈ ಅವಳ ಕಣ್ಣಿಗೆ ಬಿತ್ತು. ಮೂರನೇ ಫೋಟೊದಲ್ಲಿ ಎರಡು ಬೆರಳನ್ನು ಸೇರಿಸಿ ಬಿಗಿಯಾಗಿ ಪಟ್ಟಿ ಸುತ್ತಿತ್ತು. ಎರಡನೇ ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಒಡೆಯುವಾಗ ಫೋನನ್ನು ಮುಚ್ಚಿ ಹಿಡಿದ ಕೈಯ ಮೇಲೂ ಏಟು ಬಿದ್ದಿರಬೇಕು. ತನ್ನ ಫೋನು ತಾನೇ ಒಡೆಯುವವರು ಹಾಗೆ ಕೈ ಅಡ್ಡ ಇಡುವುದಿಲ್ಲ.

ಅರ್ಜಿಯಲ್ಲಿದ್ದ ಇನ್ನೊಂದು ನಂಬರಿಗೆ ಕರೆ ಮಾಡಿದಳು. ಗಂಡಸಿನ ದನಿ ಬಂತು.

"ನಾನು ಅವಳ ಗಂಡ. ಏನಿದ್ರೂ ನಂಗೇ ಹೇಳಿ."

"ಸರ್, ಪಾಲಿಸಿ ಅವರ ಹೆಸರಲ್ಲಿದೆ. ಅವರೇ ಉತ್ತರ ಕೊಡ್ಬೇಕು. ಈ ಕರೆ ರೆಕಾರ್ಡ್ ಆಗ್ತಿದೆ."

"ಸ್ಪೀಕರ್‌ಗೆ ಹಾಕ್ತೀನಿ. ಮಾತಾಡಿ."

ಆ ಕಡೆ ಗಂಡ ಕೇಳಿಸಿಕೊಳ್ಳುತ್ತಿದ್ದ, ಈ ಕಡೆ ಕಂಪನಿಯ ಯಂತ್ರ ಕೇಳಿಸಿಕೊಳ್ಳುತ್ತಿತ್ತು.

"ಮೇಡಂ, ಫೋನು ಹೇಗೆ ಒಡೀತು?"

"ಅಡುಗೆಮನೇಲಿ ಕೈ ಜಾರಿ ಬಿತ್ತು." ಬಾಯಿಪಾಠ ಒಪ್ಪಿಸಿದ ಹಾಗಿತ್ತು.

"ಆಗ ಪಕ್ಕದಲ್ಲಿ ಯಾರಾದ್ರೂ ಇದ್ರಾ?"

"ಇದ್ರು." ಕುರ್ಚಿ ಎಳೆದ ಸದ್ದಾಯಿತು. "ಇಲ್ಲ. ನಾನೊಬ್ಳೇ ಇದ್ದೆ."

"ನಿಮ್ಗೇನಾದ್ರೂ ಪೆಟ್ಟಾಯ್ತಾ?"

"ಅದು ಬೇರೆ. ಬಾಗಿಲಿಗೆ ಬೆರಳು ಸಿಕ್ತು."

"ಹಿಂದಿನ ಎರಡು ಸಲ?"

ಆ ಹೆಂಗಸು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಮೂರು ಸಲವೂ ಹೀಗೇ ಆಗಿದ್ದು ಮೇಡಂ."

"ಎಷ್ಟು ಪ್ರಶ್ನೆ ರೀ ನಿಮ್ದು?" ಗಂಡನ ದನಿ ಹತ್ತಿರ ಬಂತು. "ಮನೆಮನೆಗೆ ಹೋಗಿ ರೋಗಿಗಳನ್ನ ನೋಡ್ಕೊಳ್ಳೋಳು ಅವಳು. ಫೋನಿಲ್ದೆ ಕೆಲಸಕ್ಕೆ ಕರೆ ಬರಲ್ಲ. ಕೊಡ್ತೀರೋ ಇಲ್ವೋ, ಅಷ್ಟು ಹೇಳಿ."

ಈಗ ಇಲ್ಲ ಎಂದರೆ ಆ ಮನೆಯ ಬಾಗಿಲು ಮುಚ್ಚಿಕೊಂಡಂತೆಯೇ. ಅನುಮಾನವಿದ್ದರೆ ಪಾಲಿಸಿದಾರರೇ ಸರ್ವಿಸ್ ಸೆಂಟರಿಗೆ ಫೋನು ತರಬೇಕೆಂಬ ನಿಯಮವೊಂದು ಪುಸ್ತಕದಲ್ಲಿತ್ತು, ಯಾರೂ ಬಳಸುತ್ತಿರಲಿಲ್ಲ. ಬಿರುಕಮ್ಮ ಅದನ್ನೇ ಹಿಡಿದುಕೊಂಡಳು.

"ಕೊಡ್ತೀವಿ ಸರ್. ಮೂರನೇ ಕ್ಲೇಮ್ ಆಗಿರೋದ್ರಿಂದ ಅವರೇ ಫೋನು ತರ್ಬೇಕು. ಗುರುವಾರ ಹನ್ನೊಂದಕ್ಕೆ. ಒಳಗೆ ಲಾಕ್ ತೆಗೆಯೋವಾಗ ಅವರೊಬ್ರೇ ಇರ್ಬೇಕು."

"ನಾನೂ ಬರ್ತೀನಿ."

"ಬನ್ನಿ ಸರ್. ಹೊರಗೆ ಕುರ್ಚಿ ಹಾಕಿರ್ತಾರೆ."

ಕರೆ ಮುಗಿದ ಮೇಲೆ ಮಂಜೂರು ಎಂದು ಒತ್ತಿದಳು. ಕಾರಣದ ಜಾಗದಲ್ಲಿ ಆಕಸ್ಮಿಕ ಎಂದು ಬರೆದಳು. ಒಂಬತ್ತು ವರ್ಷದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು.

ಅಂದು ಸಂಜೆ ಮನೆಯಲ್ಲಿ ಅವಳ ತಮ್ಮ ಹೊಸ ಫೋನು ತಂದು ಎದುರಿಗೆ ಹಿಡಿದ. "ಅಕ್ಕಾ, ಇದಕ್ಕೆ ಇನ್ಶೂರೆನ್ಸ್ ಮಾಡಿಸ್ಲಾ ಬೇಡ್ವಾ? ಅಂಗಡಿಯವನು ತಲೆ ತಿಂದ."

"ಮೊದ್ಲು ಇದರ ಗಾಜು ಹಾಕ್ಸೋಕೆ ಎಷ್ಟಾಗುತ್ತೆ ಅಂತ ಕೇಳು. ಆಮೇಲೆ ಎರಡು ವರ್ಷಕ್ಕೆ ವಿಮೆಗೆ ಎಷ್ಟು ಕಟ್ತೀಯ, ಒಡೆದಾಗ ನಿನ್ ಕೈಯಿಂದ ಎಷ್ಟು ಹಾಕ್ಬೇಕು, ಎರಡೂ ಸೇರಿಸಿ ನೋಡು. ಗಾಜೇ ಅಗ್ಗ ಅನ್ಸಿದ್ರೆ ಬೇಡ. ದುಬಾರಿ ಫೋನು, ಕೈಯಿಂದ ಜಾರೋದು ಜಾಸ್ತಿ ಅಂದ್ರೆ ಮಾಡ್ಸು. ಷರತ್ತು ಪೂರ್ತಿ ಓದು. ಕಳೆದ್ರೆ ಕೊಡಲ್ಲ ಅಂತ ಎಷ್ಟೋ ಪಾಲಿಸೀಲಿ ಇರುತ್ತೆ. ಒಡೆದ ಕೂಡ್ಲೆ ಹೇಳ್ದೆ ಹೋದ್ರೂ ಕೊಡಲ್ಲ."

"ನಿನ್ ಫೋನಿಗೆ ಮಾಡ್ಸಿದೀಯಾ?"

"ನಂದು ಬಿದ್ದರೆ ನೆಲಕ್ಕೇ ಪೆಟ್ಟಾಗುತ್ತೆ. ಅಂಥ ಇಟ್ಟಿಗೆಗೆ ಯಾಕೆ?"

ತಮ್ಮ ನಕ್ಕ. ಅವಳೂ ನಕ್ಕಳು. ಆದರೆ ಗುರುವಾರದೊಳಗೆ ಆ ಗಂಡನಿಗೆ ಅನುಮಾನ ಬಂದರೆ ಆ ಬೆರಳುಗಳ ಗತಿ ಏನು ಎಂಬುದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಗುರುವಾರ ಅರ್ಧ ದಿನ ರಜೆ ಹಾಕಿ ಸರ್ವಿಸ್ ಸೆಂಟರಿಗೆ ಹೋದಳು. ಅಲ್ಲಿನ ಹಳೆಯ ಮೆಕ್ಯಾನಿಕ್‌ಗೆ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ಊರಿನ ಅರ್ಧ ರಿಪೇರಿಯವರು ಅವರ ಕೈಯಲ್ಲೇ ಕಲಿತವರು. ಅವರಿಗೆ ವಿಷಯ ಹೇಳಿದಳು. ಮೇಷ್ಟ್ರು ಏನೂ ಕೇಳದೆ ತಮ್ಮ ನೀಲಿ ಕೋಟೊಂದನ್ನು ಅವಳಿಗೆ ಕೊಟ್ಟರು.

ಹನ್ನೊಂದು ಗಂಟೆಗೆ ಇಬ್ಬರೂ ಬಂದರು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಎಲ್ಲರಿಗೂ ನಮಸ್ಕಾರ ಮಾಡಿದ. ಒಳಕೋಣೆಗೂ ಹೊರಗಿನ ಕುರ್ಚಿಗಳಿಗೂ ನಡುವೆ ಒಂದು ಗಾಜಿನ ಗೋಡೆ ಇತ್ತು. ಅವನು ಅದಕ್ಕೆ ನೇರವಾಗಿ ಕೂತ. ಮಾತು ಕೇಳಿಸದಿದ್ದರೂ ಎಲ್ಲವೂ ಕಾಣುತ್ತಿತ್ತು.

ಬಿರುಕಮ್ಮ ಗಾಜಿಗೆ ಬೆನ್ನು ಮಾಡಿ ಕೂತು ಒಂದು ಅರ್ಜಿ ಮುಂದಿಟ್ಟಳು. "ಅರ್ಜಿ ನೋಡ್ತಾ ಮಾತಾಡಿ. ಮೊನ್ನೆ ಫೋನ್ ಮಾಡಿದ್ದು ನಾನೇ. ನಿಮ್ಗೆ ಏನು ಬೇಕು?"

ಆ ಹೆಂಗಸಿಗೆ ಮೂವತ್ತರ ಆಸುಪಾಸು. ತಲೆ ಎತ್ತಲಿಲ್ಲ. "ಅಕ್ಕನ ಹತ್ರ ಮಾತಾಡ್ದಾಗೆಲ್ಲ ಒಡೀತಾರೆ. ಅವಳ ನಂಬರ್ ಅಳಿಸಿ ಹಾಕಿದ್ರು. ಹೊಸ ನಂಬರಿಂದ ಒಂದೇ ಸಲ ಮಾಡಿದ್ಲು. ಗ್ಯಾಸ್ ಏಜೆನ್ಸಿ ಅನ್ನೋ ಹೆಸರಲ್ಲಿ ಬರ್ಕೊಂಡೆ. ನಂಬರ್ ನೆನಪಿಲ್ಲ. ಫೋನಲ್ಲೇ ಇದೆ."

ಒಡೆದ ಪರದೆ ಕಪ್ಪಾಗಿತ್ತು. ಹೊಸದು ಹಾಕುವವರೆಗೆ ಆ ನಂಬರ್ ಹೊರಗೆ ಬರುವಂತಿರಲಿಲ್ಲ.

"ಎಷ್ಟು ಹೊತ್ತು ಮೇಷ್ಟ್ರೇ?"

"ಇಪ್ಪತ್ತು ನಿಮಿಷ. ಅವಸರ ಮಾಡ್ಬೇಡಿ, ಕೈ ನಡುಗುತ್ತೆ."

ಅವರು ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು ಅಂಟು ಸಡಿಲ ಮಾಡಿದರು. ಅಂಚಿಗೆ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಸುತ್ತಲೂ ಎಳೆದರು. ಸಾಸಿವೆಯಷ್ಟು ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟರು. ಹೊಸ ಪರದೆ ಜೋಡಿಸಿ ಗುಂಡಿ ಒತ್ತಿದಾಗ ಬೆಳಕು ಬಂತು. ಆ ಹೆಂಗಸು ಬೆರಳಿಟ್ಟಳು. ಏನೂ ಅಲುಗಲಿಲ್ಲ. ಮತ್ತೆ ಇಟ್ಟಳು. ಸ್ಪರ್ಶಕ್ಕೆ ಪರದೆ ಓಗೊಡಲೇ ಇಲ್ಲ.

"ತಂತಿ ಸರಿಯಾಗಿ ಕೂತಿಲ್ಲ," ಎಂದು ಮೇಷ್ಟ್ರು ಮತ್ತೆ ಬಿಚ್ಚಿದರು.

ಹೊರಗೆ ಗಂಡ ಎದ್ದು ನಿಂತಿದ್ದ. ಗಾಜಿನ ಹತ್ತಿರ ಬಂದು ಗಡಿಯಾರ ತೋರಿಸಿದ. ಬಿರುಕಮ್ಮನಿಗೆ ಅದು ಕಾಣಲಿಲ್ಲ, ಎದುರಿಗಿದ್ದವಳ ಮುಖ ಬಿಳಿಚಿಕೊಂಡದ್ದು ಕಂಡಿತು.

"ಸಹಿ ಮಾಡೋ ಹಾಗೆ ಪೆನ್ನು ಹಿಡ್ಕೊಳ್ಳಿ," ಎಂದಳು. "ಅಕ್ಕನಿಗೆ ಏನು ಹೇಳ್ಬೇಕು?"

"ಸೋಮವಾರ ಬರೋಕೆ ಹೇಳಿ. ಇವ್ರು ಎಂಟೂವರೆಗೆ ಕೆಲಸಕ್ಕೆ ಹೋಗ್ತಾರೆ. ಮಗಳನ್ನ ಸ್ಕೂಲಿಗೆ ಕಳಿಸದೆ ಇಟ್ಕೊಂಡಿರ್ತೀನಿ."

"ಪೊಲೀಸರಿಗೆ?"

"ಅಕ್ಕನ ಮನೆ ಸೇರಿದ್ಮೇಲೆ. ಮುಂಚೆ ಬೇಡ. ನಂಗೆ ಇವ್ರು ಗೊತ್ತು."

ಗಂಡ ಗಾಜನ್ನು ಉಂಗುರದಿಂದ ಟಕಟಕ ಬಡಿದ. ಮೇಷ್ಟ್ರು ತಿರುಗಿಯೂ ನೋಡದೆ ತಂತಿಯನ್ನು ಉಗುರಿನ ತುದಿಯಿಂದ ಒತ್ತಿದರು. ಪರದೆ ಹೊತ್ತಿಕೊಂಡಿತು. ಈ ಸಲ ಬೆರಳು ಸವರಿದ ಕಡೆ ಸರಿಯಿತು. ಗ್ಯಾಸ್ ಏಜೆನ್ಸಿಯ ಹತ್ತು ಅಂಕಿಗಳನ್ನು ಬಿರುಕಮ್ಮ ಅರ್ಜಿಯ ಅಂಚಿನಲ್ಲಿ ಗೀಚಿಕೊಂಡಳು. ಬಾಗಿಲು ತೆರೆದಾಗ ಗಂಡ ಮೊದಲು ಫೋನು ತೆಗೆದುಕೊಂಡ, ಆಮೇಲೆ ಹೆಂಡತಿಯ ಮುಖ ನೋಡಿದ.

"ಇಷ್ಟು ಹೊತ್ತು ಏನ್ ಮಾತು?"

"ಅರ್ಜಿ ತುಂಬಿಸ್ಕೊಳ್ತಿದ್ದೆ ಸರ್," ಎಂದಳು ಬಿರುಕಮ್ಮ. "ಇಲ್ಲೊಂದು ನಿಮ್ಮ ಸಹಿನೂ ಬೇಕು." ಬೇರೆ ಕಾಗದ ಮುಂದಿಟ್ಟಳು. ಅವನು ಓದದೆ ಸಹಿ ಹಾಕಿದ.

ಬಿರುಕಮ್ಮ ಬಸ್ ನಿಲ್ದಾಣದಲ್ಲಿ ನಿಂತು ಆ ಹೆಂಗಸಿನ ಅಕ್ಕನಿಗೆ ಕರೆ ಮಾಡಿದಳು.

"ನಮಸ್ಕಾರ, ನಾನು ಇನ್ಶೂರೆನ್ಸ್ ಕಂಪನಿಯಿಂದ..."

"ಬೇಡ." ಕರೆ ಕಡಿಯಿತು.

ಮತ್ತೆ ಮಾಡಿದಳು. "ಬೇಡ ಅಂದ್ನಲ್ಲ, ಎಷ್ಟು ಸಲ ಹೇಳ್ಬೇಕು ನಿಮ್ಗೆ." ಮತ್ತೆ ಕಡಿಯಿತು.

ಮೂರನೇ ಸಲ ಉಸಿರು ಬಿಡದೆ ಹೇಳಿದಳು. "ನಿಮ್ಮ ತಂಗಿ ನಿಮ್ಮ ನಂಬರನ್ನ ಗ್ಯಾಸ್ ಏಜೆನ್ಸಿ ಅಂತ ಬರೆದಿಟ್ಕೊಂಡಿದಾಳೆ."

ಆ ಕಡೆ ಪಾತ್ರೆಯ ಸದ್ದು ನಿಂತಿತು. "ಹೇಳಿ," ಎಂದಳು ಅಕ್ಕ.

ಶುಕ್ರವಾರ ಮೇಲ್ವಿಚಾರಕರು ಮೂರು ಫೋಟೊಗಳನ್ನೂ ಅವಳ ಮುಂದೆ ಹರಡಿದರು. "ಇದು ಆಕಸ್ಮಿಕಾನಾ? ನೀವು ಹೀಗೆ ಬರೀತೀರಾ?"

ಬಿರುಕಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಮನುಷ್ಯನಾಗಿ ನಿಮ್ಮನ್ನ ಬೈಯೋಕೆ ಆಗಲ್ಲ. ಆದ್ರೆ ನಾಳೆ ಇನ್ನೊಬ್ರು ಇನ್ನೊಂದು ಕತೆ ಹೇಳಿ ಮಂಜೂರು ಅಂತ ಒತ್ತಿಬಿಡ್ತಾರೆ. ಈ ಕುರ್ಚೀಲಿ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ. ಸೋಮವಾರದಿಂದ ನವೀಕರಣ ವಿಭಾಗಕ್ಕೆ ಹೋಗಿ."

ಅವಳು ವಾದ ಮಾಡಲಿಲ್ಲ. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಸೋಮವಾರ ಎಂಟೂವರೆ ದಾಟಿತು. ಹೊಸ ಕುರ್ಚಿಯಲ್ಲಿ ಕೂತು ಪಾಲಿಸಿ ಮುಗಿಯುತ್ತಿದ್ದವರಿಗೆ ಒಬ್ಬೊಬ್ಬರಿಗೇ ಕರೆ ಮಾಡುತ್ತಾ ಹೋದಳು. ಕಣ್ಣು ತನ್ನ ಫೋನಿನ ಮೇಲೇ ಇತ್ತು. ಹತ್ತಾಯಿತು, ಹನ್ನೆರಡಾಯಿತು. ಊಟದ ಡಬ್ಬಿ ತೆರೆಯಲಿಲ್ಲ. ಎರಡು ಗಂಟೆಗೆ ಒಬ್ಬ ಗ್ರಾಹಕರು, "ಅದನ್ನೇ ಎರಡು ಸಲ ಹೇಳ್ತಿದೀರಲ್ಲ ತಾಯಿ," ಎಂದರು. ಕ್ಷಮೆ ಕೇಳಿದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಕ್ಕನ ಕರೆ ಬಂತು.

"ಸೇರಿದ್ವಿ. ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡ್ತಾನೇ ಇದ್ಲು. ಈಗ ಅಮ್ಮ ಮಗಳು ಇಬ್ರೂ ಮಲಗಿದಾರೆ. ಎದ್ಮೇಲೆ ಪೊಲೀಸ್ ಸ್ಟೇಷನ್‌ಗೆ ಹೋಗ್ತೀವಿ."

"ಫೋನು?"

"ಅಲ್ಲೇ ಬಿಟ್ಟು ಬಂದ್ಲು. ಬೇಡ್ವಂತೆ."

ಬಿರುಕಮ್ಮ ಎದ್ದು ಹೋಗಿ ನಲ್ಲಿ ತಿರುಗಿಸಿ, ಬೇಕಾದಷ್ಟು ಹೊತ್ತು ಮುಖ ತೊಳೆದುಕೊಂಡಳು. ಬಂದು ಡಬ್ಬಿ ತೆರೆದು ತಣ್ಣಗಾಗಿದ್ದ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡಳು. ಪಟ್ಟಿಯಲ್ಲಿ ಇನ್ನೂ ಹದಿನೇಳು ಜನ ಉಳಿದಿದ್ದರು.