ವೀರಭದ್ರಪ್ಪನವರ ಒಂಬತ್ತು ಹಾಳೆಗಳು

ಪೂರ್ತಿ ನಕ್ಷೆ ಕೊಡಿ ಎಂದು ಕೇಳಿದವರಿಗೆ ವೀರಭದ್ರಪ್ಪನವರು ಮೊದಲು ಕುಡಿಯಲು ನೀರು ಕೊಡುತ್ತಿದ್ದರು, ಆಮೇಲೆ ಬೈಯುತ್ತಿದ್ದರು. ಆ ನೀರನ್ನು ನಾನು ಹನ್ನೊಂದು ವರ್ಷ ಕುಡಿದಿದ್ದೇನೆ.

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಗಾಂಧಿನಗರದಲ್ಲಿ ಅಕ್ಕಿ ಗಿರಣಿಯ ಯಂತ್ರಗಳನ್ನು ಮಾಡುವ ಕಾರ್ಖಾನೆಯೊಂದಿತ್ತು. ಅವರು ಅಲ್ಲಿ ನಕ್ಷೆ ಬರೆಯುತ್ತಿದ್ದರು; ನಾನು ಅದನ್ನು ಹಿಡಿದು ಊರೂರಿಗೆ ಹೋಗಿ ಯಂತ್ರ ಕೂಡಿಸುತ್ತಿದ್ದೆ. ಗಿರಣಿ ಎಂದರೆ ನೂರಾರು ಬಿಡಿಭಾಗ. ಅಷ್ಟನ್ನೂ ಅವರು ಒಂಬತ್ತು ಪಾರದರ್ಶಕ ಟ್ರೇಸಿಂಗ್ ಹಾಳೆಗಳಿಗೆ ಹಂಚಿಬಿಡುತ್ತಿದ್ದರು. ಒಂದರಲ್ಲಿ ಗೋಡೆ, ತಳಪಾಯ. ಒಂದರಲ್ಲಿ ಯಂತ್ರಗಳು. ಒಂದರಲ್ಲಿ ಪುಲ್ಲಿ, ಬೆಲ್ಟು. ಇನ್ನೊಂದರಲ್ಲಿ ಏಣಿ, ಅಟ್ಟಣಿಗೆ. ಕೆಳಗೆ ದೀಪವಿದ್ದ ಗಾಜಿನ ಮೇಜಿಗೆ ಎರಡು ಹಿತ್ತಾಳೆ ಮೊಳೆಗಳಿದ್ದವು. ಹಾಳೆಗಳ ತೂತುಗಳನ್ನು ಅವುಗಳಿಗೆ ಸಿಕ್ಕಿಸಿದರೆ ಒಂದರ ಮೇಲೊಂದು ಕದಲದೆ ಕೂರುತ್ತಿದ್ದವು. ಬೇಡದ ಹಾಳೆಯನ್ನು ಎತ್ತಿಟ್ಟರೆ ಆ ಭಾಗ ಕಣ್ಣಿಗೆ ಮರೆಯಾಗುತ್ತಿತ್ತು. ಗೌಂಡಿಗೆ ಗೋಡೆಯ ಹಾಳೆ, ಫಿಟ್ಟರಿಗೆ ಯಂತ್ರದ ಹಾಳೆ. ಯಾರಿಗೂ ಅದಕ್ಕಿಂತ ಹೆಚ್ಚಿಗೆ ಸಿಗುತ್ತಿರಲಿಲ್ಲ.

"ಎಲ್ಲಾ ಒಮ್ಮೆಲೇ ತೋರಿಸಿದ್ರ ಯಾರಿಗೂ ಏನೂ ಕಾಣಂಗಿಲ್ರಿ," ಎನ್ನುತ್ತಿದ್ದರು. "ನಿಮ್ಮ ಮನಿಗೆ ಬೀಗರು ಬಂದ್ರ ಪಡಸಾಲಿ ತೋರಸ್ತೀರೋ, ಟ್ರಂಕು ಬಿಚ್ಚಿ ತೋರಸ್ತೀರೋ?"

ಕುರುಗೋಡಿನ ಕೆಲಸದಲ್ಲಿ ನಾನು ಅವರಿಗೆ ಹೇಳದೆ ಒಂಬತ್ತೂ ಹಾಳೆ ಕೂಡಿಸಿ ಒಂದೇ ಪ್ರಿಂಟು ತೆಗೆಸಿ ಗೌಂಡಿಗೆ ಕೊಟ್ಟೆ. ಆತ ಪುಲ್ಲಿಯ ಗುಂಡು ಗೆರೆಗಳನ್ನೂ ತಳಪಾಯದ ಗುಂಡಿಗಳೆಂದೇ ತಿಳಿದು ನೆಲವನ್ನೆಲ್ಲ ತೋಡಿಟ್ಟ. ವೀರಭದ್ರಪ್ಪ ಬಸ್ಸಿನಲ್ಲಿ ಬಂದು, ಗುಂಡಿಗಳ ನಡುವೆ ಪಂಚೆ ಎತ್ತಿ ಹಿಡಿದು ನಿಂತರು. "ಏನ್ರಿ ಇದು? ಗಿರಣಿ ಹಾಕಾಕೋ, ಬಾಳಿಗಿಡ ಹಚ್ಚಾಕೋ?" ಒಂದು ವರ್ಷ ಕಂಡ ಕಂಡವರಿಗೆಲ್ಲ ಆ ಕತೆ ಹೇಳಿದರು. ಪೂರ್ತಿ ನಕ್ಷೆ ಕೇಳುವುದನ್ನೇ ನಾನು ಬಿಟ್ಟೆ.

ಹಾಗಾಗಿ ಸಿರುಗುಪ್ಪದ ಗಿರಣಿಯ ಕೆಲಸದಲ್ಲೂ ಕೇಳಲಿಲ್ಲ. ಏಣಿಯ ಹಾಳೆ ಮೊದಲು ಬಂತು. ಮೇಲಿನ ಬೇರಿಂಗಿಗೆ ಎಣ್ಣೆ ಬಿಡಲು ಹತ್ತುವ ಕಬ್ಬಿಣದ ಏಣಿಯನ್ನು ಗೋಡೆಗೆ ಕೂಡಿಸಿದೆವು. ವಾರದ ಮೇಲೆ ಬೆಲ್ಟಿನ ಹಾಳೆ ಬಂತು. ಬೆಲ್ಟು ಎಳೆದು ನೋಡಿದರೆ ಅದು ಏಣಿಗೆ ಒಂದು ಗೇಣಿನಷ್ಟೂ ದೂರವಿರಲಿಲ್ಲ. ವೀರಭದ್ರಪ್ಪನವರಿಗೆ ಟ್ರಂಕ್ ಕಾಲ್ ಹಚ್ಚಿದೆ.

"ಏಣಿ ಹಾಳ್ಯಾಗ ಏಣಿ ಸರಿ ಐತಿ. ಬೆಲ್ಟಿನ ಹಾಳ್ಯಾಗ ಬೆಲ್ಟು ಸರಿ ಐತಿ. ನೀವ್ಯಾಕ ಎರಡೂ ಕೂಡಿಸಿ ನೋಡ್ತೀರಿ?"

"ಗಿರಣ್ಯಾಗ ಎರಡೂ ಕೂಡೇ ಅದಾವ್ರಿ!"

ಫೋನು ಇಟ್ಟುಬಿಟ್ಟರು.

ಅಂಗಳದಲ್ಲಿ ಹೊಸ ಭತ್ತ ರಾಶಿ ಬಿದ್ದಿತ್ತು. ಗಿರಣಿಯ ಸಾಹುಕಾರರು ನನ್ನ ಮಾತು ಕೇಳದೆ ಗಿರಣಿ ಚಾಲೂ ಮಾಡಿಸಿದರು. ದಿನಕ್ಕೆರಡು ಸಲ ಎಣ್ಣೆಡಬ್ಬಿ ಹಿಡಿದು ಆ ಏಣಿ ಹತ್ತುವವನು ಹುಲುಗಪ್ಪ. ಮೂರನೆಯ ದಿನ ಅವನ ಹೆಗಲ ಮೇಲಿನ ಟವೆಲನ್ನು ಬೆಲ್ಟು ಎಳೆದುಕೊಂಡು ಹೋಯಿತು. ಅವನು ಕೆಳಗಿಳಿದು, ಬರಿ ಹೆಗಲು ಮುಟ್ಟಿ ನೋಡಿಕೊಂಡು ನಕ್ಕ. ಆಮೇಲೆ ಎಣ್ಣೆಡಬ್ಬಿಯನ್ನು ನೆಲಕ್ಕಿಟ್ಟ.

"ಟವಲ್ಲು ಹೊಸದು ತರಿಸೋಣು ಬಿಡಲೇ," ಎಂದರು ಸಾಹುಕಾರರು.

"ಕೈ ಎಲ್ಲಿಂದ ತರಸ್ತೀರಿ ಧಣಿ?" ಎಂದ ಹುಲುಗಪ್ಪ. ಗಿರಣಿ ಮಾತ್ರ ನಿಲ್ಲಲಿಲ್ಲ.

ಸುದ್ದಿ ಮುಟ್ಟಿಸಿದೆ. ಮರುದಿನ ಮೊದಲ ಬಸ್ಸಿಗೆ ವೀರಭದ್ರಪ್ಪ ಒಂಬತ್ತೂ ಹಾಳೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ವಾದಕ್ಕೆ ಸಿದ್ಧರಾಗಿಯೇ ಬಂದರು. ನನಗೆ ರೇಗಿ ಹೋಗಿತ್ತು. ಎಣ್ಣೆಡಬ್ಬಿಯನ್ನು ಅವರ ಕೈಗಿಟ್ಟೆ. "ನೀವೇ ಏರ್ರಿ."

ಪಂಚೆ ಬಿಗಿದು ಕಟ್ಟಿ ಏರಿದರು. ಅರ್ಧಕ್ಕೆ ಹೋಗಿ ನಿಂತರು. ಬೆಲ್ಟಿನ ಗಾಳಿಗೆ ಅವರ ಅಂಗಿಯ ತೋಳು ಪಟಪಟ ಬಡಿಯುತ್ತಿತ್ತು. ಮುಂದಿನ ಮೆಟ್ಟಿಲಿಗೆ ಎತ್ತಿದ ಕೈಯನ್ನು ಎದೆಗೆ ಎಳೆದುಕೊಂಡು ಇಳಿದು ಬಂದರು. ನೇರ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದರು.

"ಏನ್ರಿ, ಯಾರ್ನ ಕೇಳಿ ನಿಲ್ಲಸಿದ್ರಿ?" ಸಾಹುಕಾರರು ಓಡಿ ಬಂದರು.

"ಏಣಿ ಆ ಎದುರಿನ ಗ್ವಾಡಿಗೆ ಹೋಗೋತನಕ ಚಾಲೂ ಆಗಂಗಿಲ್ರಿ. ತಪ್ಪು ನಂದು. ಬೈಯೋದಿದ್ರ ಇಲ್ಲೇ ನಿಂತು ಬೈರಿ."

ಸ್ವಿಚ್ಚಿನ ಮುಂದೆ ಸ್ಟೂಲು ಹಾಕಿ ಕೂತರು. ಏಣಿ ಎದುರಿನ ಗೋಡೆಗೆ ಹೋಗಲು ಎರಡು ದಿನ ಬೇಕಾಯಿತು. ಎರಡೂ ದಿನ ಬೈಸಿಕೊಂಡರು.

ಇದರಿಂದ ನಮಗೆ ಸುಖವಾಯಿತು ಎಂದು ಯಾರೂ ತಿಳಿಯಬಾರದು. ಅಲ್ಲಿಂದಾಚೆಗೆ ಒಂಬತ್ತೂ ಹಾಳೆಗಳನ್ನು ಒಮ್ಮೆ ಮೇಜಿನ ಮೇಲೆ ಹೇರದೆ ಒಂದು ನಕ್ಷೆಯನ್ನೂ ಅವರು ಹೊರಗೆ ಬಿಡಲಿಲ್ಲ. ಅಷ್ಟು ಹಾಳೆಗಳ ಕೆಳಗೆ ದೀಪವೇ ಮಂಕಾಗಿ, ಗೆರೆಗಳೆಲ್ಲ ಜಾಲಿಯ ಪೊದೆಯಂತೆ ಕಾಣುತ್ತಿದ್ದವು. ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ನಡೆಸುತ್ತಿದ್ದರು. ಲಾರಿ ಬಾಗಿಲಲ್ಲಿ ನಿಂತಿರುತ್ತಿತ್ತು, ಕಾರ್ಖಾನೆಯ ಮಾಲೀಕರು ಕೂಗಾಡುತ್ತಿದ್ದರು, ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಅವರು ಮೂರು ದಿನ ತೆಗೆದುಕೊಳ್ಳುತ್ತಿದ್ದರು.

ಅವರನ್ನು ಕಡೆಯ ಸಲ ನೋಡಿದ್ದು ಪಾರ್ವತಿನಗರದ ಅವರ ಮನೆಯಲ್ಲಿ. ಕಣ್ಣು ಪೂರ್ತಿ ಹೋಗಿತ್ತು. ಸಿರುಗುಪ್ಪಕ್ಕೆ ಹೊರಟಿದ್ದೇನೆ, ಬಸ್ಸಿಗೆ ಹೊತ್ತಾಯಿತು ಎಂದೆ. ಬಿಡಲಿಲ್ಲ.

"ಹುಲುಗಪ್ಪ?"

"ಅದಾನ್ರಿ. ತಲಿ ಬೆಳ್ಳಗಾಗೇತಿ. ಇನ್ನೂ ಅವನೇ ಏರ್ತಾನ."

ಎರಡೂ ಕೈಗಳನ್ನು ಎದೆಯ ಮುಂದೆ ಎದುರುಬದುರಾಗಿ ಹಿಡಿದರು. "ಇದು ಏಣಿ. ಇದು ಬೆಲ್ಟು. ಈಗ ಇಷ್ಟು ದೂರ ಐತೇನ್ರಿ?"

"ಇನ್ನಾ ದೂರ ಐತ್ರಿ."

ಕೈ ಅಗಲಿಸಿದರು. "ಇಷ್ಟು?"

"ಇನ್ನಾ ದೂರ."

ಬಲಗೈ ಹೋಗಿ ಗೋಡೆಗೆ ತಾಗಿತು. ಆದರೂ ಅವರು ಎಡಗೈಯನ್ನು ಮೆಲ್ಲಗೆ ಇನ್ನಷ್ಟು ಸರಿಸುತ್ತ, ನನ್ನ ಮಾತಿಗೆ ಕಾಯುತ್ತ ಕೂತರು. ಬಸ್ಸು ಹೋದರೆ ಹೋಗಲಿ ಎಂದು ನಾನೂ ಕೂತೆ.